ನಕ್ಷತ್ರಗಳ ಜೊತೆಗಿನ ಅಂಕೆ

ಓದಲು ಕಲಿಸುವುದು ಶಾಲೆಯ ಮೊದಲನೆಯ ಕೆಲಸವಷ್ಟೆ. ಆದರೂ ದೊಡ್ಡ ಗ್ರಂಥಗಳನ್ನು ಓದಬಲ್ಲವರು ಅಂಗಡಿಯ ಸಾಮಾನಿಗೆ ಅಂಟಿಸಿದ ಚೀಟಿಯನ್ನು ಓದದೆ ಬರುವುದುಂಟು. ನಾವೂ ಹಾಗೆಯೇ ಮಾಡಿದೆವು. ವಸತಿಗೃಹಕ್ಕೆ ಫ್ರಿಜ್ಜು ಕೊಳ್ಳಹೋದಾಗ ಐದು ನಕ್ಷತ್ರಗಳನ್ನು ಕಂಡು ಸಂತೋಷಪಟ್ಟು, ಅಗತ್ಯಕ್ಕಿಂತ ದೊಡ್ಡದೊಂದನ್ನು ತಂದೆವು. ತರುವಾಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಚೀಟಿಯನ್ನು ಓದಿ ನಮ್ಮ ತಪ್ಪನ್ನು ವಿನಯದಿಂದ ತೋರಿಸಿದಳು. ಅವಳಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಕ್ಷತ್ರದ ಚೀಟಿಯನ್ನು ಭಾರತ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಬಳಕೆಗೆ ತಂದಿತು. 2010ರಿಂದ ಕೆಲವು ಬಗೆಯ ಫ್ರಿಜ್ಜು ಮತ್ತು ಹವಾನಿಯಂತ್ರಕಗಳಿಗೂ, 2023ರಿಂದ ಸೀಲಿಂಗ್ ಫ್ಯಾನುಗಳಿಗೂ ಅದು ಕಡ್ಡಾಯವಾಯಿತು. ಒಂದರಿಂದ ಐದರವರೆಗೆ ನಕ್ಷತ್ರ ಹೆಚ್ಚಿದಷ್ಟೂ ಯಂತ್ರವು ವಿದ್ಯುತ್ತನ್ನು ಹಿತವಾಗಿ ಬಳಸುವುದೆಂದು ಅರ್ಥ. ಅಕ್ಷರ ಬಾರದವರಿಗೂ ಇದು ತಿಳಿಯುವುದು. ಅದೇ ಈ ಚಿತ್ರದ ಗುಣ.

ಆದರೆ ಫ್ರಿಜ್ಜಿನ ನಕ್ಷತ್ರಗಳನ್ನು ಅದರ ಗಾತ್ರಕ್ಕೆ ತಕ್ಕಂತೆ ಕೊಡಲಾಗುತ್ತದೆ. ಆದಕಾರಣ ದೊಡ್ಡ ಐದು ನಕ್ಷತ್ರದ ಫ್ರಿಜ್ಜು ಚಿಕ್ಕ ಮೂರು ನಕ್ಷತ್ರದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನಬಹುದು. ಸತ್ಯವನ್ನು ಹೇಳತಕ್ಕದ್ದು ಅದೇ ಚೀಟಿಯಲ್ಲಿರುವ ಅಂಕೆ: ವರ್ಷಕ್ಕೆ ಇಷ್ಟು ಯೂನಿಟ್ಟು. ಒಂದರ ಮೇಲೆ 150, ಇನ್ನೊಂದರ ಮೇಲೆ 210 ಎಂದಿದ್ದರೆ, ಹತ್ತು ವರ್ಷಗಳಲ್ಲಿ 600 ಯೂನಿಟ್ಟುಗಳ ವ್ಯತ್ಯಾಸ. ಅದು ಹಣದ ಲೆಕ್ಕ ಮಾತ್ರವಲ್ಲ. ರಾಯಚೂರಿನಂಥ ವಿದ್ಯುತ್ ಕೇಂದ್ರಗಳಲ್ಲಿ ಸುಡುವ ಕಲ್ಲಿದ್ದಲಿನ ಲೆಕ್ಕವೂ ಹೌದು. ಅಳತೆಯ ನಿಯಮಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಚೀಟಿಯ ಮೇಲಿನ ವರ್ಷವನ್ನೂ ನೋಡತಕ್ಕದ್ದು. ಹಿಂದಿನ ಐದು ಇಂದಿನ ಐದಕ್ಕೆ ಸಮವಲ್ಲ.

ಯೂರೋಪಿನವರಿಗೂ ಇಂಥ ತೊಡಕು ಬಂದಿತ್ತು. ಅಲ್ಲಿ ‘ಎ’ಯಿಂದ ‘ಜಿ’ಯವರೆಗಿನ ಅಕ್ಷರಗಳ ಚೀಟಿಯುಂಟು. ಯಂತ್ರಗಳು ಸುಧಾರಿಸಿದಂತೆ ‘ಎ’ಯ ಮುಂದೆ ಒಂದು, ಎರಡು, ಮೂರು ಕೂಡಿಸುವ ಗುರುತುಗಳನ್ನು ಸೇರಿಸಿದರು. ಎಲ್ಲವೂ ‘ಎ’ಯೇ ಆದ ಮೇಲೆ ಆರಿಸುವುದು ಹೇಗೆ? ಕಡೆಗೆ 2021ರಲ್ಲಿ ಫ್ರಿಜ್ಜು ಮೊದಲಾದವುಗಳಿಗೆ ಆ ಗುರುತುಗಳನ್ನು ತೆಗೆದು, ಮತ್ತೆ ಬರಿಯ ‘ಎ’ಯಿಂದ ‘ಜಿ’ಯವರೆಗೆ ಶ್ರೇಣಿಯನ್ನು ಕಟ್ಟಿದರು. ಎಲ್ಲರನ್ನೂ ಮೊದಲನೆಯ ದರ್ಜೆಯಲ್ಲಿ ತೇರ್ಗಡೆ ಮಾಡಿದರೆ ಅಂಕಪಟ್ಟಿಗೆ ಬೆಲೆಯಿಲ್ಲವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಇನ್ನು ಮುಂದೆ ಕೊಳ್ಳಹೋಗುವಾಗ ಮನೆಗೆ ಬೇಕಾದ ಗಾತ್ರವನ್ನು ಮೊದಲು ನಿಶ್ಚಯಿಸಿರಿ. ಆಮೇಲೆ ನಕ್ಷತ್ರಗಳನ್ನೂ ಅಂಕೆಯನ್ನೂ ವರ್ಷವನ್ನೂ ಓದಿರಿ. ನಿಮ್ಮ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಚೀಟಿಯನ್ನು ಅವಳೇ ಓದಿ ಹೇಳಲಿ.