ಅಪ್ಲಿಕೇಶನ್ ಸರ್ವರ್ ಎಂದರೇನು?

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ, ನಮ್ಮ ಶಾಲೆಯಿಂದ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಳು. ಕಾಲೇಜೊಂದರ ಪ್ರವೇಶ ಶುಲ್ಕವನ್ನು ಮೊಬೈಲಿನ ಮೂಲಕ ಸಲ್ಲಿಸಲು ಹೋದಾಗ ಮುಂದಿನ ಪುಟ ತೆರೆಯದೆ ಚಕ್ರವೊಂದು ಸುಮ್ಮನೆ ತಿರುಗುತ್ತಲೇ ಇತ್ತಂತೆ. ಹತ್ತು ನಿಮಿಷ ಕಾದು ಅವಳು ಇನ್ನೊಮ್ಮೆ ಗುಂಡಿಯನ್ನೊತ್ತಿದಳು. ಹಣ ಎರಡು ಬಾರಿ ಹೋಯಿತು; ರಸೀದಿ ಒಂದೂ ಬರಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ದುಡಿಯುವ ಆ ತಂದೆಗೆ ಅದು ಒಂದು ತಿಂಗಳ ಸಂಬಳ. “ತಪ್ಪು ನನ್ನದೇ, ಸರ್?” ಎಂದು ಹುಡುಗಿ ಕೇಳಿದಳು. ಅಂದು ನಮಗೆ ಸರಿಯಾದ ಉತ್ತರ ತಿಳಿದಿರಲಿಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಓದಿ, ಗ್ರಹಿಸಿದುದನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇವೆ.

ಮೊಬೈಲಿನಿಂದ ಹೊರಟ ಕೋರಿಕೆಯು ಅಂತರ್ಜಾಲದ ಮೂಲಕ ದೂರದ ಒಂದು ಗಣಕಯಂತ್ರವನ್ನು ಸೇರುತ್ತದೆ. ಶುಲ್ಕವೆಷ್ಟು, ಸೀಟು ಉಳಿದಿದೆಯೇ ಎಂಬುದನ್ನು ಅರಿತ ತಂತ್ರಾಂಶ ಅಲ್ಲಿರುತ್ತದೆ. ಈ ವಿಶೇಷ ಕೆಲಸ ನಿಜವಾಗಿ ನೋಡಿದರೆ ಸ್ವಲ್ಪವೇ. ಅದಕ್ಕಿಂತ ಹೆಚ್ಚಿನದು ಸುತ್ತಲಿನ ಊಳಿಗ. ಬಂದ ಕೋರಿಕೆಯನ್ನು ಬಾಗಿಲಲ್ಲಿ ಸ್ವೀಕರಿಸಬೇಕು. ಏಕಕಾಲಕ್ಕೆ ಬಂದ ನೂರಾರು ಜನರನ್ನು ನಿಭಾಯಿಸಬೇಕು. ಲೆಕ್ಕಪತ್ರಗಳ ಉಗ್ರಾಣವಾದ ಡೇಟಾಬೇಸಿಗೆ ಹೋಗಿ ಬರಬೇಕು. ಲೆಕ್ಕವು ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳಬೇಕು. ಈ ಊಳಿಗವು ಕಾಲೇಜಿಗೂ ಒಂದೇ, ಬ್ಯಾಂಕಿಗೂ ಒಂದೇ, ವಿಮಾ ಕಂಪನಿಗೂ ಒಂದೇ. ಪ್ರತಿಯೊಬ್ಬರೂ ಇದನ್ನು ಹೊಸದಾಗಿ ಬರೆಯತೊಡಗಿದರೆ ಶ್ರಮವೂ ವ್ಯರ್ಥ, ತಪ್ಪುಗಳೂ ಹೆಚ್ಚು. ಆದುದರಿಂದ ಎಲ್ಲರಿಗೂ ಸಮಾನವಾದ ಕೆಲಸವನ್ನು ಬೇರೆ ಮಾಡಿ, ಅದನ್ನು ಒಂದು ಪ್ರತ್ಯೇಕ ತಂತ್ರಾಂಶಕ್ಕೆ ವಹಿಸಿದರು. ಅದೇ ಅಪ್ಲಿಕೇಶನ್ ಸರ್ವರ್.

ನಮ್ಮ ಮಾಟುಂಗದ ಉಡುಪಿ ಹೋಟೆಲುಗಳನ್ನು ನೆನೆದರೆ ಈ ಏರ್ಪಾಡು ಸುಲಭವಾಗಿ ತಿಳಿಯುತ್ತದೆ. ದೋಸೆ ಹೊಯ್ಯುವ ಭಟ್ಟರು ಗಿರಾಕಿಗಳನ್ನು ಕೂಡಿಸಲು ಹೊರಗೆ ಬರುವುದಿಲ್ಲ, ಬಿಲ್ಲನ್ನೂ ಬರೆಯುವುದಿಲ್ಲ; ಮಾಣಿ ಬಂದು ‘ಎರಡು ಮಸಾಲೆ’ ಎಂದಾಗ ಹೊಯ್ದು ಕೊಡುತ್ತಾರೆ, ಅಷ್ಟೇ. ಜಾವಾ ಎಂಬ ಗಣಕ ಭಾಷೆಯಲ್ಲಿ ಇಂಥ ಭಟ್ಟರ ಸ್ಥಾನದಲ್ಲಿರುವ ತುಣುಕಿಗೆ ಸರ್ವ್‌ಲೆಟ್ ಎಂದು ಹೆಸರು. ಅದು ತಾನಾಗಿ ಓಡತಕ್ಕದ್ದಲ್ಲ. ಕೋರಿಕೆ ಬಂದಾಗ ಸರ್ವರೇ ಅದನ್ನು ಕರೆಯುತ್ತದೆ. ಸಾಮಾನ್ಯವಾಗಿ ಒಂದು ಸರ್ವ್‌ಲೆಟ್ಟಿನ ಒಂದೇ ಪ್ರತಿಯು ಎಲ್ಲ ಗಿರಾಕಿಗಳಿಗೂ ದುಡಿಯುವುದರಿಂದ, ಅದು ಒಬ್ಬನ ಬೇಡಿಕೆಯನ್ನು ತನ್ನ ಸ್ವಂತ ಸ್ಲೇಟಿನಲ್ಲಿ ಬರೆದಿಟ್ಟುಕೊಂಡರೆ ಇನ್ನೊಬ್ಬನ ಬೇಡಿಕೆ ಅದನ್ನು ಅಳಿಸಿಹಾಕೀತು. ಹೊಸಬರು ತಪ್ಪದೆ ಎಡವುವ ಜಾಗವಿದು.

ಇನ್ನು ಮಾಣಿಗಳ ವಿಷಯ. ಸರ್ವರಿನೊಳಗೆ ಒಂದೊಂದು ಕೋರಿಕೆಯನ್ನು ಹೊತ್ತು ನಡೆಯುವ ಕೆಲಸದ ಎಳೆಗೆ ಥ್ರೆಡ್ ಎನ್ನುತ್ತಾರೆ. ಗಿರಾಕಿಗೊಬ್ಬ ಹೊಸ ಮಾಣಿಯನ್ನು ನೇಮಿಸಿ ಆಮೇಲೆ ಕಳುಹಿಸುವುದು ದುಬಾರಿ. ಆದುದರಿಂದ ಒಂದು ತಂಡವನ್ನು ಮೊದಲೇ ಇಟ್ಟುಕೊಂಡಿರುತ್ತಾರೆ. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಸರ್ವರನ್ನು ತೆಗೆದುಕೊಳ್ಳೋಣ. ಬೇರೆ ಅಪ್ಪಣೆಯಿಲ್ಲದಿದ್ದರೆ ಅದು ಹೆಚ್ಚೆಂದರೆ 200 ಥ್ರೆಡ್ಡುಗಳನ್ನು ದುಡಿಸುತ್ತದೆ. ಈಗಿನ ಆವೃತ್ತಿಗಳಲ್ಲಿ 8192 ಸಂಪರ್ಕಗಳವರೆಗೆ ಒಳಗೆ ಬಿಟ್ಟುಕೊಂಡು ಕಾಯಿಸುತ್ತದೆ. ಅದೂ ತುಂಬಿದರೆ ಬಾಗಿಲ ಹೊರಗೆ ಇನ್ನು 100 ಮಂದಿಯ ಸಾಲು. ಅದಕ್ಕೂ ಮೀರಿ ಬಂದವರಿಗೆ ಬಾಗಿಲು ಮುಚ್ಚಬಹುದು.

ಆದರೆ ನಿಜವಾದ ಇಕ್ಕಟ್ಟು ಅನೇಕ ವೇಳೆ ಇರುವುದು ಒಳಗಿನ ಒಲೆಯ ಬಳಿ. ಡೇಟಾಬೇಸಿಗೆ ಸಂಪರ್ಕ ತೆರೆಯುವುದೆಂದರೆ ಗುರುತು ಹೇಳಿ, ಗುಟ್ಟಿನ ಪದ ಒಪ್ಪಿಸಿ ಒಳಹೋಗಬೇಕು. ಪ್ರತಿ ಸಲವೂ ಹಾಗೆ ಮಾಡುತ್ತಿದ್ದರೆ ಹೊತ್ತು ಹೋಗುತ್ತದೆ. ಆದುದರಿಂದ ಕೆಲವು ಸಂಪರ್ಕಗಳನ್ನು ತೆರೆದಿಟ್ಟುಕೊಂಡು, ಬೇಕಾದವರಿಗೆ ಎರವಲು ಕೊಟ್ಟು ಹಿಂದಕ್ಕೆ ಪಡೆಯುತ್ತಾರೆ. ಟಾಮ್‌ಕ್ಯಾಟಿನೊಡನೆ ಬರುವ ಇಂಥ ಉಗ್ರಾಣದಲ್ಲಿ, ಯಾರೂ ಬದಲಿಸದಿದ್ದರೆ, ಸಂಪರ್ಕಗಳ ಮಿತಿ 8. ಮಾಣಿಗಳು 200, ಒಲೆಗಳು ಎಂಟು! ಎರವಲು ಪಡೆದುದನ್ನು ಹಿಂದಿರುಗಿಸಲು ತಂತ್ರಾಂಶ ಬರೆದವನು ಒಂದೆಡೆ ಮರೆತನೆಂದರೆ, ಒಂದೊಂದಾಗಿ ಎಂಟೂ ಕೈಬಿಟ್ಟುಹೋಗುತ್ತವೆ. ಎಷ್ಟು ಹೊತ್ತು ಕಾಯಬೇಕೆಂದೂ ನಿಗದಿ ಮಾಡದಿದ್ದಲ್ಲಿ ಉಳಿದ ಥ್ರೆಡ್ಡುಗಳೆಲ್ಲ ಕೊನೆಯಿಲ್ಲದೆ ಕಾಯುತ್ತಾ ನಿಲ್ಲುತ್ತವೆ. ಯಂತ್ರ ಕೆಟ್ಟಿರುವುದಿಲ್ಲ, ವಿದ್ಯುತ್ತು ಹೋಗಿರುವುದಿಲ್ಲ. ಮೊಬೈಲಿನ ಮೇಲೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ.

ಶಾಲಾ ಮಾಸ್ತರರಾದ ನಮಗೆ ಈ ಅಂಕೆಗಳು ಸಿಕ್ಕಿದುದು ಹೇಗೆಂದು ಯಾರಾದರೂ ಕೇಳಬಹುದು. ಟಾಮ್‌ಕ್ಯಾಟ್ ಮುಕ್ತ ಮೂಲದ ತಂತ್ರಾಂಶ. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ದುಡ್ಡು ಕೊಡದೆ ಬಳಸಬಹುದು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ಎಂಬವರು ಇದನ್ನು ರಚಿಸಿದರು. 1999ರಲ್ಲಿ ಸನ್ ಇದನ್ನು ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಕೊಟ್ಟಿತು. ತನ್ನ ಪಾಡನ್ನು ತಾನೇ ನೋಡಿಕೊಳ್ಳುವ ಪ್ರಾಣಿಯ ಹೆಸರಿರಲಿ ಎಂದು ಅವರು ಗಂಡುಬೆಕ್ಕಿನ ಹೆಸರನ್ನಿಟ್ಟರಂತೆ. ಆ ಕಾಲದಲ್ಲಿ ಮಾರಾಟದ ಸರ್ವರುಗಳಿಗೆ ಯಂತ್ರದ ಒಂದೊಂದು ಪ್ರೊಸೆಸರಿಗೂ ಸಾವಿರಾರು ಡಾಲರು ತೆರಬೇಕಾಗಿತ್ತೆಂಬುದನ್ನು ನೆನೆದರೆ ಈ ದಾನದ ಬೆಲೆ ತಿಳಿದೀತು.

ಟಾಮ್‌ಕ್ಯಾಟ್ ಸಣ್ಣ ಸಂಸಾರ. ಸರ್ವ್‌ಲೆಟ್ಟುಗಳನ್ನು ನಡೆಸುವುದೇ ಅದರ ಮುಖ್ಯ ಕೆಲಸ. ದೊಡ್ಡ ಸಂಸ್ಥೆಗಳ ವ್ಯವಹಾರಕ್ಕೆ ಬೇಕಾದ ಉಳಿದ ಸೇವೆಗಳನ್ನೂ ಒದಗಿಸಲು ಅದೇ 1999ರಲ್ಲಿ ಮಾರ್ಕ್ ಫ್ಲೂರಿ ಎಂಬವರು ಇನ್ನೊಂದನ್ನು ಆರಂಭಿಸಿದರು. ಅದರ ಮೊದಲಿನ ಹೆಸರಿನಲ್ಲಿದ್ದ ‘ಇಜೆಬಿ’ ಎಂಬುದು ಸನ್ ಕಂಪನಿಯ ಒಡೆತನದ್ದಾದುದರಿಂದ ‘ಇ’ಕಾರವನ್ನು ಕಳಚಿ ಜೆಬಾಸ್ ಎಂದು ಕರೆದರು. ನಡುವೆ ಒಂದು ಪುಟ್ಟ ತಿರುಳು, ಅದಕ್ಕೆ ಬೇಕಾದಾಗ ಜೋಡಿಸಬಹುದಾದ, ಬೇಡವಾದಾಗ ಕಳಚಬಹುದಾದ ಸೇವೆಗಳು: ಇದು ಅದರ ರಚನೆ. ಬಾಗಿಲು ಕಾಯುವ ಕೆಲಸಕ್ಕೆ ಟಾಮ್‌ಕ್ಯಾಟನ್ನೇ ಒಳಗೆ ಕೂಡಿಸಿಕೊಂಡರು. ಮೂಲವು ಮುಕ್ತವಾಗಿದ್ದುದರಿಂದ ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ. ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಟ್ಟು ಸಲಹೆ, ದುರಸ್ತಿಗಳಿಗೆ ಮಾತ್ರ ಹಣ ಪಡೆಯುವುದು ಅವರ ವ್ಯಾಪಾರವಾಗಿತ್ತು. 2006ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಕೊಂಡಿತು. 2014ರಿಂದ ಆ ಸರ್ವರಿನ ಹೆಸರು ವೈಲ್ಡ್‌ಫ್ಲೈ.

ಇರಲಿ, ಹುಡುಗಿಯ ಹಣದ ವಿಷಯಕ್ಕೆ ಬರೋಣ. ಜೆಬಾಸಿನಂಥ ಪೂರ್ಣ ಸರ್ವರು ಒದಗಿಸುವ ಒಂದು ಸೇವೆಗೆ ಟ್ರಾನ್ಸಾಕ್ಷನ್ ಎಂದು ಹೆಸರು. ‘ಶುಲ್ಕ ಬಂತು’ ಎಂಬ ಬರಹ, ‘ಸೀಟು ಕೊಟ್ಟೆವು’ ಎಂಬ ಬರಹ, ಎರಡೂ ದಾಖಲಾಗಬೇಕು, ಇಲ್ಲವೇ ಎರಡೂ ಅಳಿದುಹೋಗಬೇಕು. ಎರಡು ಡೇಟಾಬೇಸುಗಳಿದ್ದರೆ ಸರ್ವರು ಮೊದಲು ಇಬ್ಬರನ್ನೂ ‘ಸಿದ್ಧವೇ?’ ಎಂದು ಕೇಳಿ, ಇಬ್ಬರೂ ಹೌದೆಂದ ಮೇಲೆಯೇ ‘ಬರೆಯಿರಿ’ ಎನ್ನುತ್ತದೆ. ಆದರೆ ಬ್ಯಾಂಕು ತನ್ನ ಖಾತೆಯ ಪುಸ್ತಕವನ್ನು ತೆರೆದು ಕಾಲೇಜಿನ ಸರ್ವರಿನ ಕೈಗೆ ಕೊಡುವುದಿಲ್ಲ. ಆದುದರಿಂದ ಅಲ್ಲಿ ಹಣ ಕಡಿತವಾಗಿ ಇಲ್ಲಿ ದಾಖಲೆಯಾಗದೆ ಉಳಿಯಲು ಎಡೆಯಿದೆ. ಆಮೇಲೆ ಇಬ್ಬರ ಲೆಕ್ಕವನ್ನೂ ತಾಳೆ ನೋಡಿ ಸರಿಪಡಿಸಬೇಕು.

ಎರಡನೆಯ ಬಾರಿ ಒತ್ತಿದುದು ಬೇರೊಂದು ತೊಡಕು. ಸರ್ವರಿನ ದೃಷ್ಟಿಯಲ್ಲಿ ಅದು ಇನ್ನೊಂದು ಕೋರಿಕೆ, ಅಷ್ಟೇ. ಗಿರಾಕಿ ನಿಜವಾಗಿ ಇನ್ನೊಂದು ದೋಸೆ ಬೇಡಿದನೋ, ಮೊದಲಿನದು ಬಾರದೆ ಮತ್ತೆ ಕೂಗಿದನೋ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ಇದು ಎಲ್ಲರಿಗೂ ಸಮಾನವಾದ ಊಳಿಗವಲ್ಲ. ತಂತ್ರಾಂಶ ಬರೆದವನೇ ಯೋಚಿಸಬೇಕಾದ ವಿಷಯ. ಪುಟವನ್ನು ಕಳುಹಿಸುವಾಗಲೇ ಅದರಲ್ಲಿ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆಯನ್ನು ಅಡಗಿಸಿಟ್ಟು, ಅದೇ ಸಂಖ್ಯೆ ಮರಳಿ ಬಂದರೆ ಹೊಸದಾಗಿ ಹಣ ಪಡೆಯದೆ ಹಳೆಯ ರಸೀದಿಯನ್ನೇ ಕೊಡುವಂತೆ ಅವನು ಬರೆಯಬಹುದಾಗಿತ್ತು. ಬರೆದಿರಲಿಲ್ಲ. ಎಂದಮೇಲೆ ತಪ್ಪು ಹುಡುಗಿಯದಲ್ಲ.

ಹೆಚ್ಚಾಗಿ ಹೋದ ಹಣ ಎಂಟನೆಯ ದಿನ ಮರಳಿ ಬಂತು, ಸೀಟೂ ಉಳಿಯಿತು. ಈ ವರ್ಷ ತಮ್ಮನ ಅರ್ಜಿ ತುಂಬಿಸಿ ಬಂದ ಅವಳು, ಒಮ್ಮೆ ಒತ್ತಿದೊಡನೆ ಗುಂಡಿ ಮಸುಕಾಗಿ ಮತ್ತೆ ಒತ್ತಲು ಬರುವುದಿಲ್ಲವೆಂದು ಹೇಳಿದಳು. ಅದು ಮೊಬೈಲಿನ ಕಡೆಯ ಉಪಾಯವಷ್ಟೇ, ಪುಟವನ್ನು ಮತ್ತೆ ತೆರೆದರೆ ಗುಂಡಿಯೂ ಮತ್ತೆ ಬೆಳಗುತ್ತದೆ ಎಂದೆವು. “ಹಾಗಾದರೆ ಒಳಗೆ ಆ ಸಂಖ್ಯೆ ಇಟ್ಟಿದ್ದಾರೆಯೇ, ಸರ್?” ಎಂದು ಅವಳು ಕೇಳಿದಳು.