ಸಂಚಕಾರ: ಉಂಗುರದಿಂದ ಬಾಂಡ್ ಪೇಪರಿನವರೆಗೆ

ಚಿಕ್ಕೋಡಿಯಾಗಲಿ ಅಥಣಿಯಾಗಲಿ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಚಹಾದಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸಂಚಕಾರ ಕೊಟ್ಟೀವ್ರಿ.’ ಅಂದರೆ ಖರೀದಿಯ ಮಾತು ಗಟ್ಟಿಯಾಗಲೆಂದು ಮುಂಗಡ ಕೊಟ್ಟಾಗಿದೆ. ಮನೆ ನೋಡಿ ಆಗಿದೆ, ದರ ಕುದುರಿದೆ. ಬಾಂಡ್ ಪೇಪರ್ ಮೇಲೆ ಸಂಚಕಾರ ಪತ್ರ ಬರೆದು ಇಬ್ಬರು ಸಾಕ್ಷಿದಾರರು ಸಹಿಯನ್ನೂ ಹಾಕಿದ್ದಾರೆ. ಕಬ್ಬಿನ ಬಿಲ್ ಬಂದ ಮೇಲೆ ಉಳಿದ ಹಣ ಕೊಟ್ಟು ಖರೀದಿ ಮಾಡಿಸಿಕೊಳ್ಳುವುದೆಂದು ಮಾತು. ಅಷ್ಟರಲ್ಲಿ ಒಂದು ದಿನ ಮನೆ ಮಾರುವವನು ಬಂದು ತಲೆ ತಗ್ಗಿಸಿ ನಿಲ್ಲುತ್ತಾನೆ. ‘ಏನ್ ಮಾಡೂದ್ರಿ ಕಾಕಾ, ನಮ್ಮ ತಮ್ಮ ಸಹಿ ಹಾಕಾಕ ಒಲ್ಲೆ ಅಂತಾನ. ನಿಮ್ಮ ರೊಕ್ಕ ತಿರುಗಿ ತಗೊಂಡ್ ಬಿಡ್ರಿ.’ ತಮ್ಮನ ನೆವದ ಹಿಂದೆ ಹೆಚ್ಚಿನ ದರ ಕೂಗಿದ ಇನ್ನೊಬ್ಬ ಗಿರಾಕಿ ಇರುವುದೂ ಉಂಟು.

ಕೊಟ್ಟ ರೊಕ್ಕ ತಿರುಗಿ ಬಂದರೆ ಲೆಕ್ಕ ತೀರಿತೇ? ಕೊಳ್ಳುವವರು ಆ ಮನೆಯನ್ನೇ ನಂಬಿ ಬಂಗಾರ ಅಡವಿಟ್ಟಿರುತ್ತಾರೆ, ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿರುತ್ತಾರೆ. ಅಂಥವರಿಗೆ ಯಾರು ಏನು ಕೊಡಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಅದಕ್ಕೆ ಸಿಕ್ಕ ಉತ್ತರಗಳ ಚರಿತ್ರೆ ‘ಸಂಚಕಾರ’ ಎಂಬ ಪದದ ಒಳಗೇ ಇದೆ.

ಸತ್ಯ ಮಾಡಿಕೊಡುವ ಉಂಗುರ

ಸಂಚಕಾರದ ಮೂಲ ಸಂಸ್ಕೃತದ ‘ಸತ್ಯಂಕಾರ’. ಆಡಿದ ಮಾತನ್ನು ಸತ್ಯ ಮಾಡುವುದು ಎಂದು ಅದರ ಅರ್ಥ. ಪಾಲಿ ಭಾಷೆಯಲ್ಲಿ ಅದು ‘ಸಚ್ಚಕಾರ’. ಸತ್ತ ಇಲಿಯೊಂದನ್ನೇ ಬಂಡವಾಳ ಮಾಡಿಕೊಂಡು ಸಿರಿವಂತನಾದ ಹುಡುಗನ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಜಾತಕ ಕತೆಗಳಲ್ಲಿ ಬರುವ ಆ ಹುಡುಗ ಕೊನೆಗೆ ಬಂದರಿಗೆ ಹೋಗಿ, ಬಂದು ನಿಂತ ಹಡಗಿನ ಸರಕಿಗೆ ತನ್ನ ಉಂಗುರವನ್ನು ಸಚ್ಚಕಾರವಾಗಿ ಕೊಟ್ಟುಬಿಡುತ್ತಾನೆ. ಆಮೇಲೆ ಬಂದ ವರ್ತಕರೆಲ್ಲ ಅವನ ಹತ್ತಿರವೇ ವ್ಯವಹಾರ ಮಾಡಬೇಕಾಗುತ್ತದೆ. ಕೈಯಲ್ಲಿದ್ದ ಒಂದು ಉಂಗುರ ಇಡೀ ಹಡಗನ್ನು ಕಟ್ಟಿಹಾಕಿತು.

ಮಾತು ಕೊಟ್ಟವನು ತಪ್ಪಿದರೆ? ಯಾಜ್ಞವಲ್ಕ್ಯ ಸ್ಮೃತಿ ಇದಕ್ಕೆ ನೇರ ಉತ್ತರ ಕೊಡುತ್ತದೆ: ಸತ್ಯಂಕಾರದ ಹಣವನ್ನು ದುಪ್ಪಟ್ಟಾಗಿ ಹಿಂದಿರುಗಿಸಬೇಕು. ಆ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ನಿಯಮವನ್ನು ಬಿಡಿಸಿಟ್ಟ. ಕ್ರಯ ವಿಕ್ರಯದ ಒಪ್ಪಂದ ಗಟ್ಟಿಯಾಗಲೆಂದು ಉಂಗುರ ಮುಂತಾದುದನ್ನು ಕೊಟ್ಟವನೇ ಹಿಂದೆ ಸರಿದರೆ ಅದು ಅವನಿಗೆ ಸೇರುವುದಿಲ್ಲ. ಇಸಿದುಕೊಂಡವನು ಹಿಂದೆ ಸರಿದರೆ ದುಪ್ಪಟ್ಟು ಕೊಡಬೇಕು. ವಿಜ್ಞಾನೇಶ್ವರ ಕೊಟ್ಟ ಉದಾಹರಣೆಯೂ ಉಂಗುರವೇ.

ದೂರದ ರೋಮಿನಲ್ಲೂ ಇದೇ ನ್ಯಾಯವಿತ್ತು. ಆರನೆಯ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನಿನ ಪ್ರಕಾರ ಕೊಳ್ಳುವವನು ತಪ್ಪಿದರೆ ಮುಂಗಡ ಹೋಯಿತು, ಮಾರುವವನು ತಪ್ಪಿದರೆ ದುಪ್ಪಟ್ಟು ತೆರಬೇಕು. ಫ್ರಾನ್ಸಿನ 1804ರ ನಾಗರಿಕ ಸಂಹಿತೆಯ 1590ನೆಯ ಕಲಮು ಇಂದಿಗೂ ಅದನ್ನೇ ಹೇಳುತ್ತದೆ. ಮಾತಿಗೆ ತಪ್ಪುವವನಿಗೆ ತಪ್ಪಿದ್ದರ ಭಾರ ಗೊತ್ತಾಗಬೇಕು ಎಂಬ ವಿವೇಕ ಒಂದೇ ಊರಿನ ಸ್ವತ್ತಲ್ಲ.

ದುಪ್ಪಟ್ಟು ಕರಗಿದ ಬಗೆ

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಚಿಕ್ಕೋಡಿ, ಅಥಣಿ ಭಾಗ ಕ್ರಮೇಣ ಮುಂಬಯಿ ಪ್ರಾಂತದ ಕಾನೂನಿಗೆ ಒಳಪಟ್ಟಿತು. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಹಳೆಯ ಮನೆಯ ಕಾಗದ ಹುಡುಕಹೋದವರ ಕೈಗೆ ಮರಾಠಿಯ ಮೋಡಿ ಲಿಪಿಯ ಪತ್ರ ಸಿಗುವುದು ಇದೇ ಕಾರಣಕ್ಕೆ. ಸಂಚಕಾರ, ಖರೀದಿ ಪತ್ರ, ವಾಟ್ನಿ (ಪಾಲು ಹಂಚಿಕೆ), ಉತಾರ (ಆಸ್ತಿ ದಾಖಲೆಯ ಪ್ರತಿ) ಎಂಬ ಮಾತುಗಳು ಕನ್ನಡ ಮರಾಠಿ ಎರಡರ ನಡುವೆ ಓಡಾಡಿ ಇಲ್ಲಿ ನೆಲೆಯಾದವು.

ಹೊಸ ಕಾನೂನು ಹಳೆಯ ದುಪ್ಪಟ್ಟನ್ನು ಒಪ್ಪಲಿಲ್ಲ. 1872ರ ಕರಾರು ಕಾಯ್ದೆಯ 74ನೆಯ ಕಲಮಿನಂತೆ, ಪತ್ರದಲ್ಲಿ ದಂಡವೆಂದು ಎಷ್ಟೇ ಬರೆದಿರಲಿ, ಕೋರ್ಟು ಕೊಡಿಸುವುದು ಅದರ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. ‘ಮಾತಿಗೆ ತಪ್ಪಿದರೆ ದುಪ್ಪಟ್ಟು ಕೊಡುತ್ತೇನೆ’ ಎಂದು ನಮ್ಮ ಕಡೆ ಬಾಂಡ್ ಬರೆಯುವವರು ಇಂದಿಗೂ ಬರೆಯುತ್ತಾರೆ. ಅವರ ಕೈ ನಡೆಯುವುದು ವಿಜ್ಞಾನೇಶ್ವರನ ದಾರಿಯಲ್ಲಿ, ಕೋರ್ಟು ನಡೆಯುವುದು 1872ರ ದಾರಿಯಲ್ಲಿ.

ಇನ್ನೊಂದು ದೊಡ್ಡ ಬದಲಾವಣೆ ತಂದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಮುಂಬಯಿ ಪ್ರಾಂತಕ್ಕೆ ಅದು ಅನ್ವಯವಾದದ್ದು 1893ರ ಜನವರಿ 1ರಿಂದ. ಇಂಗ್ಲೆಂಡಿನಲ್ಲಿ ಮಾರುವವರೂ ಕೊಳ್ಳುವವರೂ ಸಹಿ ಮಾಡಿದ ಕರಾರುಗಳನ್ನು ಪರಸ್ಪರ ಬದಲಾಯಿಸಿಕೊಂಡ ಗಳಿಗೆಯಿಂದ ಆ ಮನೆಯ ಮೇಲೆ ಕೊಳ್ಳುವವರಿಗೆ ಒಂದು ಬಗೆಯ ಹಕ್ಕು ಹುಟ್ಟುತ್ತದೆ. ನಮ್ಮ ಕಾಯ್ದೆಯ 54ನೆಯ ಕಲಮು ಇದನ್ನು ಬೇಕೆಂದೇ ದೂರವಿಟ್ಟಿತು. ಮಾರಾಟದ ಕರಾರಿನಿಂದಲೇ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಹುಟ್ಟುವುದು ಖರೀದಿ ಪತ್ರ ಮಾಡಿಸಿಕೊಡು ಎಂದು ಕೇಳುವ ಹಕ್ಕು. ಕೊಟ್ಟ ಮುಂಗಡದ ಮಟ್ಟಿಗೆ ಆಸ್ತಿಯ ಮೇಲೆ ಭಾರ ಇರುತ್ತದೆ, ಅಷ್ಟೇ. ಸಂಚಕಾರ ಪತ್ರ ಕೈಯಲ್ಲಿದ್ದರೆ ಮನೆ ನಮ್ಮದಾಯಿತು ಎಂದುಕೊಳ್ಳುವವರು ಎಡವುವುದು ಇಲ್ಲಿಯೇ.

ಕೋರ್ಟು ಮನೆಯನ್ನೇ ಕೊಡಿಸುವುದು

ದುಪ್ಪಟ್ಟಿನ ಜಾಗಕ್ಕೆ ಬ್ರಿಟಿಷ್ ಕಾನೂನು ತಂದದ್ದು ಇನ್ನೂ ಗಟ್ಟಿಯಾದ ಆಯುಧ. ಅದು ಹಣವನ್ನಲ್ಲ, ಮನೆಯನ್ನೇ ಕೊಡಿಸುತ್ತದೆ. ಒಂದು ಮನೆಯಂತೆ ಇನ್ನೊಂದು ಮನೆ ಇರುವುದಿಲ್ಲ, ಅದಕ್ಕೆ ಹಣ ಸಾಟಿಯಾಗದು ಎಂಬ ನಂಬಿಕೆಯ ಮೇಲೆ 1877ರ ನಿರ್ದಿಷ್ಟ ಪರಿಹಾರ ಕಾಯ್ದೆ ನಿಂತಿತ್ತು. 1963ರಲ್ಲಿ ಅದರ ಬದಲು ಹೊಸ ಕಾಯ್ದೆ ಬಂತು. ಮಾರುವವನು ಒಪ್ಪದಿದ್ದರೆ ಅವನ ಪರವಾಗಿ ಕೋರ್ಟೇ ಖರೀದಿ ಪತ್ರ ಮಾಡಿಸಿಕೊಡಬಲ್ಲದು.

‘ಪತ್ರದಲ್ಲಿ ದುಪ್ಪಟ್ಟು ಅಂತ ಬರದೈತಿ, ಅದನ್ನ ಕೊಟ್ಟು ಬಿಡುಗಡೆ ಆಗ್ತೀನಿ’ ಎನ್ನುವ ಮಾರಾಟಗಾರನಿಗೂ ಉತ್ತರವಿದೆ. ಪತ್ರದಲ್ಲಿ ಒಂದು ಮೊತ್ತ ಬರೆದಿದೆ ಎಂಬ ಒಂದೇ ಕಾರಣಕ್ಕೆ ಖರೀದಿ ಮಾಡಿಸಿಕೊಡುವ ಹೊಣೆ ತಪ್ಪುವುದಿಲ್ಲ ಎಂದು 1973ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲು ಮನೆ ಕೊಡಿಸುವುದೋ ಬಿಡುವುದೋ ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಕಾಯ್ದೆಯ ಷರತ್ತುಗಳು ಪೂರೈಸಿದ್ದರೆ ಕೊಡಿಸಲೇಬೇಕು.

ಆ ಷರತ್ತುಗಳಲ್ಲಿ ಮುಖ್ಯವಾದದ್ದು ಕೊಳ್ಳುವವರ ಸಿದ್ಧತೆ. ಉಳಿದ ಹಣ ಕೊಡುವ ತಾಕತ್ತೂ ಮನಸ್ಸೂ ತನಗೆ ಮೊದಲಿನಿಂದ ಕೊನೆಯವರೆಗೆ ಇತ್ತು ಎಂದು ಕೊಳ್ಳುವವನು ಸಾಬೀತು ಮಾಡಬೇಕು. ಕಬ್ಬಿನ ಬಿಲ್ಲಿಗೆ ಕಾಯುತ್ತ ಕುಳಿತಿದ್ದೆ ಎಂದರೆ ಸಾಲದು. ಗಡುವು ಮುಗಿದ ಮಾತ್ರಕ್ಕೆ ಕರಾರು ಸತ್ತಿತೆಂದೂ ಅಲ್ಲ. ನಮ್ಮ ಬೆಳಗಾವಿ ಜಿಲ್ಲೆಯಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋದ ಜಮೀನಿನ ಪ್ರಕರಣವೊಂದಿದೆ. ಕರಾರು ಆದದ್ದು 1985ರ ಜುಲೈ 31ರಂದು, ಗಡುವು ಆರು ತಿಂಗಳು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಗಡುವೇ ಕರಾರಿನ ಜೀವಾಳ ಎಂದು ಸಾಮಾನ್ಯವಾಗಿ ಭಾವಿಸಲಾಗದು ಎಂದು ಹೇಳಿ ಕೋರ್ಟು ಕೊಳ್ಳುವವರ ಪರ ನಿಂತಿತು. ಆ ತೀರ್ಪು ಬಂದದ್ದು 2008ರ ಜನವರಿಯಲ್ಲಿ. ಆರು ತಿಂಗಳಲ್ಲಿ ಮುಗಿಯಬೇಕಿದ್ದ ಖರೀದಿಗೆ 22 ವರ್ಷ ಹಿಡಿಯಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಒಂದು ತಲೆಮಾರು ಕಳೆದಿತ್ತು. ಅದೇ ವರ್ಷ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಕಾಯಂ ಆಯಿತು. ಮೇಲ್ಮನವಿಗೆ ಬೆಂಗಳೂರಿಗೆ ಅಲೆಯುವುದಾದರೂ ತಪ್ಪಿತು.

ತಮ್ಮನ ಸಹಿಯ ಪ್ರಶ್ನೆ

ಮೊದಲು ಹೇಳಿದ ತಮ್ಮನ ಮಾತಿಗೆ ಬರೋಣ. ಅದು ಎಲ್ಲ ಸಲವೂ ನೆವವಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಲ್ಲಿ ಹುಟ್ಟಿನಿಂದಲೇ ಪಾಲು ಉಂಟು ಎಂಬ ನಿಯಮದ ಮೂಲ ಅದೇ ಮಿತಾಕ್ಷರಾ. ಸಂಚಕಾರಕ್ಕೆ ಬಲ ಕೊಟ್ಟ ಗ್ರಂಥವೇ ಮಾರಾಟಕ್ಕೆ ತಡೆಯನ್ನೂ ಒಡ್ಡಿದೆ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹೆಣ್ಣುಮಕ್ಕಳಿಗೂ ಆ ಪಾಲನ್ನು ಕೊಟ್ಟವು. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಗಟ್ಟಿ ಮಾಡಿತು. ಅಣ್ಣನೊಬ್ಬನೇ ಸಹಿ ಮಾಡಿದ ಪತ್ರದಿಂದ ತಂಗಿಯ ಪಾಲು ಸುಮ್ಮನೆ ಕೈಬದಲಾಗುವುದಿಲ್ಲ. ಹೊರಗಿನವರು ಒಬ್ಬನ ಪಾಲನ್ನಷ್ಟೇ ಕೊಂಡರೂ ಆ ಕುಟುಂಬದೊಂದಿಗೆ ಅದೇ ಮನೆಯಲ್ಲಿ ಜಂಟಿಯಾಗಿ ವಾಸ ಮಾಡುವ ಹಕ್ಕನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 44ನೆಯ ಕಲಮು ಕೊಡುವುದಿಲ್ಲ. ಪಾಲಿಗಾಗಿ ಮತ್ತೊಂದು ದಾವೆ ಹೂಡಬೇಕು. ಆದ್ದರಿಂದ ವಾಟ್ನಿ ಆಗಿದೆಯೇ, ಅಕ್ಕತಂಗಿಯರು ಎಲ್ಲಿದ್ದಾರೆ ಎಂದು ಸಂಚಕಾರ ಕೊಡುವ ಮೊದಲೇ ಕೇಳುವುದು ಅಧಿಕಪ್ರಸಂಗವಲ್ಲ. ಅದು ಆ ಹೆಣ್ಣುಮಕ್ಕಳಿಗೆ ತೋರಿಸುವ ಮರ್ಯಾದೆಯೂ ಹೌದು.

ಬಾಂಡ್ ಪೇಪರ್ ಸಾಲದು

ಮಾರುವವನು ಹೆಚ್ಚಿನ ಬೆಲೆಗೆ ಮೂರನೆಯವರಿಗೆ ಖರೀದಿ ಮಾಡಿಕೊಟ್ಟುಬಿಟ್ಟರೆ? ಆ ಮೂರನೆಯವರಿಗೆ ಮೊದಲ ಕರಾರು ಗೊತ್ತಿದ್ದರೆ ಅವರೂ ಅದಕ್ಕೆ ಬದ್ಧರು. ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೆ ಕಾನೂನು ಅವರನ್ನು ಕಾಯುತ್ತದೆ, ಮೊದಲಿನವರು ಬೀದಿಗೆ ಬೀಳುತ್ತಾರೆ. ನೋಂದಣಿಯಾದ ಕರಾರು ಋಣಭಾರ ಪತ್ರದಲ್ಲಿ ಕಾಣುತ್ತದೆ. ಗೊತ್ತಿರಲಿಲ್ಲ ಎನ್ನಲು ಆಗ ಯಾರಿಗೂ ಬಾಯಿಲ್ಲ. ಖರ್ಚು ಉಳಿಸಲು ಬಾಂಡ್ ಪೇಪರಿನಲ್ಲೇ ನಿಲ್ಲಿಸಿದವರು ಕಳೆದುಕೊಳ್ಳುವುದು ಈ ಒಂದು ರಕ್ಷಣೆಯನ್ನು. ನೋಂದಣಿಯಾಗದ ಪತ್ರದ ಮೇಲೂ ದಾವೆ ಹೂಡಬಹುದು. ಆದರೆ ಮನೆಯ ಸ್ವಾಧೀನವನ್ನು ಮೊದಲೇ ಪಡೆದು ಅದಕ್ಕೆ ಕಾನೂನಿನ ಕಾವಲು ಬೇಕೆಂದರೆ 2001ರ ಸೆಪ್ಟೆಂಬರಿನಿಂದ ನೋಂದಣಿ ಕಡ್ಡಾಯ.

ಹಣ ಕೊಡುವ ಬಗೆಯೂ ಮುಖ್ಯ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚಿನ ನಗದನ್ನು ಪಡೆಯುವುದಕ್ಕೆ 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಬೆಂಗಳೂರಿನ ಆಸ್ತಿಯೊಂದಕ್ಕೆ 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟೆವೆಂದು ದಾವೆ ಹೂಡಿದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಒಂದು ನಿರ್ದೇಶನ ಕೊಟ್ಟಿತು. ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಕೊಟ್ಟಿರುವುದಾಗಿ ದಾವೆ ಬಂದರೆ ಕೋರ್ಟು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಚೀಲದಲ್ಲಿ ಕಟ್ಟಿಕೊಟ್ಟ ನೋಟಿಗೆ ಇನ್ನು ಸಾಕ್ಷಿದಾರನ ಸಹಿಯೊಂದೇ ಆಸರೆಯಾಗಲಾರದು.

ಇಂದಿನ ಕನ್ನಡದಲ್ಲಿ ‘ಸಂಚಕಾರ’ ಎಂದರೆ ಆಪತ್ತು ಎಂಬ ಅರ್ಥವೂ ಇದೆ. ‘ಜೀವಕ್ಕೆ ಸಂಚಕಾರ’ ಎನ್ನುತ್ತೇವೆ. ಮಾತನ್ನು ಸತ್ಯ ಮಾಡಬೇಕಾದ ಪದವನ್ನು ಆಪತ್ತಿನ ಪದವಾಗಲು ಬಿಡದಿರುವುದು ಎರಡೂ ಕಡೆಯವರ ಕೈಯಲ್ಲಿದೆ. ನಿಪ್ಪಾಣಿ, ರಾಯಬಾಗ, ಕಾಗವಾಡದಲ್ಲಿ ಈ ವರ್ಷ ಮನೆ ಕೊಳ್ಳಲು ಹೊರಟಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಉತಾರ, ಋಣಭಾರ ಪತ್ರ, ವಾಟ್ನಿ ಪತ್ರ ನೋಡಿಯೇ ಮಾತಾಡಿ. ಪಾಲುದಾರರೆಲ್ಲರ ಸಹಿ ಪಡೆದು ಕರಾರನ್ನು ನೋಂದಣಿ ಮಾಡಿಸಿ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು, ಉಳಿದದ್ದನ್ನು ಸಿದ್ಧವಾಗಿಡಿ. ಮಾರುವವರು ಹಿಂದೆ ಸರಿದರೆ ವಕೀಲರ ಮೂಲಕ ಕೂಡಲೇ ನೋಟಿಸು ಕೊಡಿಸಿ. ದಾವೆಯಲ್ಲಿ ಮನೆಯ ಜೊತೆಗೆ, ಅದು ಸಿಗದಿದ್ದರೆ ಮುಂಗಡ ವಾಪಸು ಎಂದೂ ಕೇಳಲು ಮರೆಯಬೇಡಿ. ಪತ್ರದಲ್ಲಿ ದಿನಾಂಕ ಗೊತ್ತುಪಡಿಸಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಒಲ್ಲೆ ಎಂದದ್ದು ತಿಳಿದ ದಿನದಿಂದ, ದಾವೆ ಹೂಡಲು ನಿಮಗಿರುವುದು ಮೂರೇ ವರ್ಷ.