ಕಾಲ್ಚೆಂಡಿನ ಅಂಗಳದಲ್ಲಿ ಜರ್ಮನ್ ಪಾಠ

ಕಾಲ್ಚೆಂಡಿನ ಗೋಲಿಗೆ ಜರ್ಮನ್ನರು ‘ಟೋರ್’ ಎನ್ನುತ್ತಾರೆ. ಹೆಬ್ಬಾಗಿಲಿಗೂ ಅದೇ ಪದ. ಪೆನಾಲ್ಟಿ ಒದೆತವು ಅವರಿಗೆ ‘ಎಲ್ಫ್‌ಮೀಟರ್’, ಅಂದರೆ ಹನ್ನೊಂದು ಮೀಟರ್. ಚೆಂಡಿಡುವ ದೂರವೇ ಹೆಸರಾಗಿದೆ! ಆಡುತ್ತ ಕಲಿತ ಇಂತಹ ಪದಗಳನ್ನು ಉರುಹೊಡೆಯಬೇಕಾಗಿಲ್ಲ.

ಜರ್ಮನಿಯ ವಿದೇಶಾಂಗ ಇಲಾಖೆಯು 2008ರಲ್ಲಿ ಆರಂಭಿಸಿದ ‘ಪಾಶ್’ ಯೋಜನೆಯು ವಿಶ್ವದ ಸುಮಾರು 2,000 ಶಾಲೆಗಳನ್ನು ಬೆಸೆದಿದೆ. ನಮಗೆ ಮ್ಯಾಕ್ಸ್ ಮುಲ್ಲರ್ ಭವನವೆಂದು ಪರಿಚಿತವಾದ ಗಯಟೆ ಸಂಸ್ಥೆಯು ಇದರ ಪಾಲುದಾರ. ಈ ಯೋಜನೆಯಡಿ ಕಾಲ್ಚೆಂಡಿನ ಶಿಬಿರಗಳೂ ನಡೆದಿವೆ. ನಾನಾ ದೇಶಗಳ ಮಕ್ಕಳು ಒಂದೇ ತಂಡದಲ್ಲಿ ಆಡುವಾಗ, ಚೆಂಡು ಕೇಳುವುದಕ್ಕೂ ತಪ್ಪಿದವನನ್ನು ಸಂತೈಸುವುದಕ್ಕೂ ಅವರೆಲ್ಲರಿಗೂ ಒದಗುವ ಭಾಷೆ ಜರ್ಮನ್.

ಇದರಿಂದ ನಮ್ಮ ಕಾರ್ಖಾನೆಗಳಿಗೇನು ಲಾಭ? ಕರ್ನಾಟಕ ಮತ್ತು ಬವೇರಿಯ ರಾಜ್ಯಗಳ ನಡುವೆ 2007ರಿಂದ ಸಹಭಾಗಿತ್ವವಿದೆ. ಜರ್ಮನಿಯ ಯಂತ್ರ ತಯಾರಕರಲ್ಲಿ ಅನೇಕರು ಕುಟುಂಬ ಒಡೆತನದ ಮಧ್ಯಮ ಉದ್ಯಮಿಗಳು. ಅವರ ಕಾರ್ಯಾಗಾರಗಳಲ್ಲಿ ಇಂಗ್ಲಿಷ್ ಎಲ್ಲ ಕಡೆಯೂ ನಡೆಯದು. ಭಾರತೀಯ ಕುಶಲಕರ್ಮಿಗಳ ವಾರ್ಷಿಕ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರಲ್ಲಿ ಪ್ರಕಟಿಸಿತು. ಭಾಷೆ ಕಲಿತ ಹುಡುಗರು ಹೊರಟೇ ಹೋದಾರೆಂಬ ಸದಸ್ಯರ ಆತಂಕ ಸಹಜವೇ. ಆದರೆ ಉಳಿದವರಲ್ಲಿ ಒಬ್ಬನಾದರೂ ಗ್ರಾಹಕರ ದೂರುಪತ್ರವನ್ನು ಮೂಲದಲ್ಲೇ ಓದಬಲ್ಲವನಾದರೆ ಸಣ್ಣ ಘಟಕಕ್ಕೆ ಅದು ಸಾಮಾನ್ಯ ಲಾಭವಲ್ಲ. ಶಾಲಾ ಪಂದ್ಯಗಳಿಗೆ ಪಾರಿತೋಷಕ ನೀಡುವ ವರ್ತಕರು ಜರ್ಮನ್ ಶಿಕ್ಷಕರೊಬ್ಬರ ವೇತನದಲ್ಲಿಯೂ ಪಾಲು ವಹಿಸುವುದನ್ನು ಪರಿಶೀಲಿಸಬಹುದು.